ಕ್ಯಾತ್‌ಲ್ಯಾಬ್ ಕೇಳುವವರು ಆ ಸಿಸ್ಟರನ್ನೂ ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯಲ್ಲಿ ಹೃದಯದ ಆಸ್ಪತ್ರೆ ವಿಷಯ ಎತ್ತಿದರೆ ಸಾಕು, ಎಲ್ಲರೂ ಯಂತ್ರದ ಪಟ್ಟಿ ಹಿಡಿದು ನಿಲ್ಲುತ್ತಾರೆ. ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕುವ ಕ್ಯಾತ್‌ಲ್ಯಾಬ್ ಬೇಕು, ಎಕೋ ಮಷಿನ್ ಬೇಕು, ಹೊಸ ಆಂಬುಲೆನ್ಸ್ ಬೇಕು. ಬೇಕು, ನಾನು ಬೇಡ ಅನ್ನುವುದಿಲ್ಲ. 2025ರ ಜೂನ್, ಜುಲೈ ತಿಂಗಳಲ್ಲಿ ಟಿವಿ ಹಾಕಿದರೆ ಹಾಸನ, ಹೃದಯಾಘಾತ, ಇವೆರಡೇ ಮಾತು. ವಯಸ್ಸಿನ ಹುಡುಗರೂ ಹೋದರು ಅಂತ ಕೇಳಿ ಜನ ಕಂಗಾಲಾದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತರು. ಎದೆಯಲ್ಲಿ ಏನೂ ಇಲ್ಲದವರೂ ಇಸಿಜಿ ಮಾಡಿಸಿಕೊಂಡು ಬಂದರು. ಆಮೇಲೆ ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ನೋಡಿ, ಸಾವು ಹಿಂದಿಗಿಂತ ವಿಪರೀತ ಜಾಸ್ತಿ ಆಗಿಲ್ಲ ಅಂತ ವರದಿ ಕೊಟ್ಟಿತು. ಜನ ನಿಟ್ಟುಸಿರು ಬಿಟ್ಟರು, ಮರೆತರು. ಯಂತ್ರದ ಬೇಡಿಕೆ ಮಾತ್ರ ಉಳಿಯಿತು.

ಆ ಗಲಾಟೆಯಲ್ಲಿ ಒಬ್ಬರೂ ಕೇಳದ ಒಂದು ಪ್ರಶ್ನೆ ಇದೆ. ರಾತ್ರಿ ಎರಡು ಗಂಟೆಗೆ ಆ ಯಂತ್ರದ ಪಕ್ಕದಲ್ಲಿ ಯಾರು ನಿಂತಿರುತ್ತಾರೆ? ಡಾಕ್ಟರ್ ಅಲ್ಲ. ಅವರು ಒಂದು ರೌಂಡ್ ಬಂದು ಹೋಗುತ್ತಾರೆ, ಕರೆದರೆ ಓಡಿ ಬರುತ್ತಾರೆ. ಇಡೀ ರಾತ್ರಿ ನಿಂತಿರುವವರು ನರ್ಸ್. ಅಂಥ ಒಬ್ಬರ ಬಗ್ಗೆ ಬರೆಯಲು ಕೂತಿದ್ದೇನೆ. ಪತ್ರ ಉದ್ದವಾದರೆ ಕತ್ತರಿಸಿಕೊಳ್ಳಿ, ಆದರೆ ಕೊನೆಯ ಭಾಗಕ್ಕೆ ಕತ್ತರಿ ಹಾಕಬೇಡಿ.

ನಾನು ಸಕಲೇಶಪುರ ತಾಲ್ಲೂಕಿನ ಕಾಫಿ ತೋಟಗಳಲ್ಲಿ ರೈಟರ್ ಆಗಿದ್ದವನು. ಆಳುಗಳ ಹಾಜರಿ, ಸಂಬಳದ ಲೆಕ್ಕ, ಗೊಬ್ಬರದ ದಾಸ್ತಾನು, ಇದೇ ನನ್ನ ಉದ್ಯೋಗ. ಡಾಕ್ಟರಿಕೆ ಗೊತ್ತಿಲ್ಲ. ಆದರೆ ಕೆಲಸ ಬಲ್ಲವರು ಯಾರು, ಸುಮ್ನೆ ಓಡಾಡುವವರು ಯಾರು ಅನ್ನುವುದನ್ನು ಗುರುತಿಸುವುದು ನಮ್ಮ ಕಸುಬಿನಲ್ಲೇ ಬಂದುಬಿಡುತ್ತದೆ.

ಹೋದ ಕುಯ್ಲಿನಲ್ಲಿ ನನ್ನ ಹೆಂಡತಿ ಕಣದಲ್ಲಿ ಕಾಫಿ ಹರಡುತ್ತಿದ್ದವಳು ದವಡೆ ನೋವು ಅಂದಳು. ಹಲ್ಲುನೋವು ಇರಬೇಕು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ವಾಂತಿ ಬಂದ ಹಾಗೆ ಅಂದಳು. ಬೆನ್ನಲ್ಲಿ ಭಾರ ಅಂದಳು. ಎದೆ ಹಿಡಿದುಕೊಂಡು ಕುಸಿಯುವುದು, ಸಿನಿಮಾದಲ್ಲಿ ತೋರಿಸುತ್ತಾರಲ್ಲ, ಅಂಥದ್ದು ಒಂದೂ ಇಲ್ಲ. ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಗ್ಯಾಸ್ಟ್ರಿಕ್ ಅಂತ ಹೇಳಿ ಸೊಂಟಕ್ಕೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಆ ಕ್ಲಿನಿಕ್ಕಿನ ಹೆಸರು ಇಲ್ಲಿ ಬೇಡ. ಹೆಂಗಸರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಿಗೆ, ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಹೀಗೆಯೇ ಬರುತ್ತದಂತೆ. ದವಡೆ, ಬೆನ್ನು, ಹೊಟ್ಟೆತೊಳಸು, ವಿಪರೀತ ಸುಸ್ತು. ಇದನ್ನು ಓದುವ ಹೆಣ್ಣುಮಕ್ಕಳು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಮನೆಗೆ ಬಂದಮೇಲೆ ತಣ್ಣನೆ ಬೆವರು ಕಿತ್ತುಕೊಂಡು ಬಂತು. ಪಕ್ಕದ ಮನೆ ಹುಡುಗ ಜೀಪು ತೆಗೆದ. ತಾಲ್ಲೂಕು ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿದರು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ ಸರ್ಕಾರದ ಯೋಜನೆ ಇದೆಯಲ್ಲ, ಅದರಲ್ಲಿ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅವರು ಹೌದು ಅಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ, ಅದೂ ಪುಕ್ಕಟೆ. ಟೆನೆಕ್ಟೆಪ್ಲೇಸ್ ಅಂತ ಅದರ ಹೆಸರು. ಹೊರಗೆ ತರಿಸಿದರೆ ಹತ್ತಾರು ಸಾವಿರದ ಮಾತು. ಅದು ಆಗಿ 108ರಲ್ಲಿ ಹಾಸನಕ್ಕೆ ಬಂದೆವು. ರಸ್ತೆಯ ಕಥೆ ಬೇಡ. ಆ ಹೈವೇ ಬಗ್ಗೆ ನಿಮ್ಮ ಪತ್ರಿಕೆಗೆ ಬಂದಷ್ಟು ಪತ್ರ ಬೇರೆ ಯಾವುದರ ಬಗ್ಗೆಯೂ ಬಂದಿರಲಿಕ್ಕಿಲ್ಲ.

ಹಾಸನದ ಆಸ್ಪತ್ರೆಯ ಸಿಸಿಯುನಲ್ಲಿ, ಅಂದರೆ ಹೃದಯ ರೋಗಿಗಳ ತೀವ್ರ ನಿಗಾ ಘಟಕದಲ್ಲಿ, ಆ ಸಿಸ್ಟರನ್ನು ಮೊದಲು ನೋಡಿದ್ದು. ಐವತ್ತು ದಾಟಿದವರು. ಕುಳ್ಳಗೆ, ಕನ್ನಡಕ, ಕಾಲಿಗೆ ಕಪ್ಪು ಕ್ಯಾನ್ವಾಸ್ ಶೂ. ಅರಕಲಗೂಡು ಕಡೆಯ ಮಾತು. ಸರ್ವೀಸು ಮೂವತ್ತು ವರ್ಷದ ಹತ್ತಿರ, ಅದರಲ್ಲಿ ಹೆಚ್ಚಿನದೆಲ್ಲ ಹೃದಯದ ವಾರ್ಡಿನಲ್ಲೇ. ಹೆಸರು ಬರೆಯುವುದಿಲ್ಲ. ‘ಪೇಪರಲ್ಲಿ ಹೆಸರು ಗಿಸರು ಹಾಕಿಸಿದ್ರೆ ನಂಗೇ ಮೆಮೋ ಬರುತ್ತೆ ಯಜಮಾನ್ರೇ’ ಅಂತ ಅವರೇ ಕೈ ಮುಗಿದಿದ್ದಾರೆ.

ಆಂಬುಲೆನ್ಸಿನವರು ಕೊಟ್ಟ ಚೀಟಿಯನ್ನು ಇನ್ನೊಬ್ಬ ನರ್ಸ್ ಓದುತ್ತಿದ್ದರು. ಇವರು ಹೆಂಡತಿಯ ಕೈ ಹಿಡಿದು ನಾಡಿ ನೋಡುತ್ತಾ ನನ್ನನ್ನು ಕೇಳಿದ ಮೊದಲ ಪ್ರಶ್ನೆ, ‘ಇವತ್ತು ಎಲ್ಲಾದ್ರೂ ಸೊಂಟಕ್ಕೋ ತೋಳಿಗೋ ಇಂಜೆಕ್ಷನ್ ಹಾಕ್ಸಿದ್ರಾ?’ ನನಗೆ ಆಶ್ಚರ್ಯ. ಚೀಟಿಯಲ್ಲಿ ಅದು ಇರಲಿಲ್ಲ. ಹೌದು ಅಂದೆ. ಪರದೆ ಎಳೆದು ನೋಡಿದರು. ಸೂಜಿ ಚುಚ್ಚಿದ ಜಾಗ ಕಪ್ಪಗೆ ಊದಿಕೊಳ್ಳುತ್ತಿತ್ತು. ಹೆಪ್ಪು ಕರಗಿಸುವ ಔಷಧಿ ಹೃದಯದ ಹೆಪ್ಪು ಯಾವುದು, ಸೊಂಟದ ಗಾಯ ಯಾವುದು ಅಂತ ನೋಡುವುದಿಲ್ಲ. ಮೈಯಲ್ಲಿ ಎಲ್ಲೇ ಹಸಿ ಗಾಯ ಇದ್ದರೂ ಅಲ್ಲಿ ರಕ್ತ ಒಸರಬಹುದು. ಸಿಸ್ಟರ್ ಅಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಸಿದರು. ಆಮೇಲೆ ಜೇಬಿನಿಂದ ಬಾಲ್‌ಪೆನ್ ತೆಗೆದು ಊತದ ಅಂಚಿಗೆ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಟೈಮ್ ಬರೆದರು. ಮೈಮೇಲೇ ಬರೆದರು! ಊತ ಗೆರೆ ದಾಟಿದರೆ ಗೊತ್ತಾಗಲಿ ಅಂತ. ಪಾಳಿ ಬದಲಾದಾಗ ಮುಂದಿನವರಿಗೆ ಆ ಗೆರೆಯನ್ನು ತೋರಿಸಿಯೇ ಹೋಗುತ್ತಿದ್ದರಂತೆ. ಬಾಲ್‌ಪೆನ್ನಿಗೆ ಎಷ್ಟು ದುಡ್ಡು?

ಅಂದು ಸಂಜೆ ಅವಳಿಗೆ ಮತ್ತೆ ಎದೆನೋವು ಬಂತು. ಹೊಸದಾಗಿ ಸೇರಿದ ಒಬ್ಬ ಹುಡುಗಿ, ಪಾಪ ಚುರುಕಿನವಳೇ, ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಹಿಡಿದು ಬಂದಳು. ಎದೆನೋವಿಗೆ ಅದೇ ಕೊಡುವುದು, ನಮ್ಮ ಊರಲ್ಲಿ ಎಷ್ಟೋ ಅಜ್ಜಂದಿರ ಜೇಬಲ್ಲಿ ಇರುತ್ತದೆ. ಸಿಸ್ಟರ್ ಆಚೆ ಬೆಡ್ಡಿನಿಂದಲೇ ‘ತಡಿ ತಡಿ’ ಅಂದರು. ಬಂದು ಬಿಪಿ ನೋಡಿದರು, ತೊಂಬತ್ತರ ಕೆಳಗಿತ್ತು. ಕತ್ತಿನ ನರ ಉಬ್ಬಿದೆಯಾ ಅಂತ ನೋಡಿದರು. ಅಂಗೈಯನ್ನು ಪಾದದ ಮೇಲಿಟ್ಟು ತಣ್ಣಗಿದೆಯಾ ಅಂತ ಮುಟ್ಟಿದರು. ಆಮೇಲೆ ಇಸಿಜಿ ಬಟನ್ನುಗಳನ್ನು ಎಡಗಡೆಯಿಂದ ಕಿತ್ತು ಎದೆಯ ಬಲಗಡೆ ಅಂಟಿಸಿ ಇನ್ನೊಂದು ಪಟ್ಟಿ ತೆಗೆದರು. ಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರಿಗೆ ಫೋನು. ಎರಡೇ ವಾಕ್ಯ. ಡಾಕ್ಟರ್ ಬರುವ ಹೊತ್ತಿಗೆ ಸಲೈನ್ ಬಾಟ್ಲಿ ನೇತುಹಾಕಲು ಸಿದ್ಧವಾಗಿತ್ತು.

ನನಗೆ ಆಗ ಏನೂ ಅರ್ಥವಾಗಲಿಲ್ಲ. ಮಾರನೇ ದಿನ ಡಾಕ್ಟರೇ ಬಿಡಿಸಿ ಹೇಳಿದರು. ಅವಳ ಹೃದಯದ ಕೆಳಭಾಗಕ್ಕೆ ರಕ್ತ ಹೋಗುವುದು ನಿಂತಿತ್ತು. ಅಂಥ ಅಟ್ಯಾಕಿನಲ್ಲಿ ಎಷ್ಟೋ ಸಲ ಬಲಭಾಗವೂ ಸೇರಿಕೊಂಡಿರುತ್ತದಂತೆ. ಮಾಮೂಲಿ ಇಸಿಜಿಯಲ್ಲಿ ಅದು ಸರಿಯಾಗಿ ಕಾಣುವುದಿಲ್ಲ, ಬಲಗಡೆ ಅಂಟಿಸಿ ನೋಡಿದರೇ ಕಾಣುವುದು. ಆಗ ಆ ನಾಲಿಗೆ ಕೆಳಗಿನ ಮಾತ್ರೆ ಕೊಟ್ಟರೆ ರಕ್ತನಾಳ ಹಿಗ್ಗಿ, ಬಿಪಿ ಪಾತಾಳಕ್ಕೆ ಇಳಿದು, ಜೀವಕ್ಕೇ ಬರುತ್ತದೆ. ಅಲ್ಲಿ ಬೇಕಾಗಿದ್ದು ಮಾತ್ರೆಯಲ್ಲ, ಸಲೈನು. ‘ನಿಮ್ಮ ಪುಣ್ಯ, ಸಿಸ್ಟರ್ ಇದ್ದರು’ ಅಂದರು ಡಾಕ್ಟರ್. ತಮ್ಮ ಪ್ರತಾಪ ಹೇಳಿಕೊಳ್ಳದೆ ಹಾಗೆ ಅಂದ ಆ ಡಾಕ್ಟರ್ ಮೇಲೂ ನನಗೆ ಗೌರವ ಹೆಚ್ಚಾಯಿತು.

ಇನ್ನೊಂದು ವಿಷಯ. ಆ ಹೊಸ ಹುಡುಗಿಯನ್ನು ಅವರು ನಮ್ಮ ಎದುರಿಗೆ ಬೈಯಲಿಲ್ಲ. ರಾತ್ರಿ ಕೆಲಸ ತಗ್ಗಿದಮೇಲೆ ಎರಡೂ ಇಸಿಜಿ ಪಟ್ಟಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಪೆನ್ಸಿಲ್ಲಿನಲ್ಲಿ ತೋರಿಸುತ್ತಾ ಪಾಠ ಹೇಳುತ್ತಿದ್ದರು. ಬಾಗಿಲಿನ ಗಾಜಿನಿಂದ ನಾನು ನೋಡಿದ್ದು. ಹುಡುಗಿ ತಲೆ ಆಡಿಸುತ್ತಿದ್ದಳು. ಇದನ್ನು ಬೇರೆ ಎಲ್ಲಿ ಕಲಿಸುತ್ತಾರೆ ಹೇಳಿ?

ಅದೇ ರಾತ್ರಿ ದೊಡ್ಡದೊಂದು ಆಯಿತು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ, ಈಗಲೂ ಬರೆಯುವಾಗ ಕೈ ನಡುಗುತ್ತದೆ. ಹೃದಯದ ಬಡಿತ ತಾಳ ತಪ್ಪಿ ಸುಮ್ಮನೆ ಅದುರಲು ಶುರುವಾಯಿತು. ಅವಳ ಕಣ್ಣು ಮೇಲೆ ಹೋಯಿತು. ಸಿಸ್ಟರ್ ಮಾನಿಟರ್ ಕಡೆ ಒಂದು ಸಲ, ಅವಳ ಮುಖದ ಕಡೆ ಒಂದು ಸಲ ನೋಡಿ, ಕತ್ತಿಗೆ ಬೆರಳಿಟ್ಟು, ‘ಎಲ್ಲ ದೂರ ಸರೀರಿ’ ಅಂದು ಶಾಕ್ ಕೊಟ್ಟೇಬಿಟ್ಟರು. ಡ್ಯೂಟಿ ಡಾಕ್ಟರ್ ಕೆಳಗಿನ ಮಹಡಿಯಿಂದ ಓಡಿ ಬರುವಷ್ಟರಲ್ಲಿ ಬಡಿತ ಸರಿಯಾಗಿತ್ತು. ಹೆಂಡತಿ ‘ಯಾರೋ ಎದೆಗೆ ಒದ್ದಂಗಾಯ್ತು’ ಅಂದಳಂತೆ. ‘ನಾನೇ ಒದ್ದಿದ್ದು ಅಮ್ಮ, ಬೆಳಿಗ್ಗೆ ಬೈಯ್ಕಳಿ’ ಅಂದರಂತೆ ಸಿಸ್ಟರ್.

ನನ್ನ ತಂಗಿಯ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಡಾಕ್ಟರಿಗೆ ಕಾಯದೆ ನರ್ಸ್ ಶಾಕ್ ಕೊಡಬಹುದಾ ಅಂತ ಅವಳನ್ನು ಕೇಳಿದೆ. ‘ಮಾವ, ಸಿಸಿಯು ಅನ್ನೋದು ಹುಟ್ಟಿದ್ದೇ ಅದಕ್ಕೆ’ ಅಂದಳು. 1960ರ ದಶಕದ ಆರಂಭದವರೆಗೂ ಹಾರ್ಟ್ ಅಟ್ಯಾಕ್ ಆದವರನ್ನು ಬೇರೆ ರೋಗಿಗಳ ನಡುವೆ ಯಾವುದೋ ಮೂಲೆಯಲ್ಲಿ ಮಲಗಿಸುತ್ತಿದ್ದರಂತೆ. ಎದೆ ಒತ್ತಿ ಜೀವ ಉಳಿಸುವ ವಿಧಾನ (ಸಿಪಿಆರ್) 1960ರಲ್ಲಿ ಬಂತು, ಶಾಕ್ ಯಂತ್ರವೂ ಆಗಲೇ ಇತ್ತು. ಆದರೆ ಡಾಕ್ಟರಿಗೆ ಹೇಳಿ ಕಳಿಸಿ ಅವರು ಬರುವಷ್ಟರಲ್ಲಿ ರೋಗಿ ಹೋಗಿರುತ್ತಿದ್ದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲಾರೆನ್ಸ್ ಮೆಲ್ಟ್ಜರ್ ಅನ್ನುವ ಡಾಕ್ಟರ್, ರೋಸ್ ಪಿನಿಯೋ ಅನ್ನುವ ನರ್ಸ್ ಸೇರಿಕೊಂಡು, ಇಸಿಜಿ ಓದುವುದನ್ನೂ ಶಾಕ್ ಕೊಡುವುದನ್ನೂ ನರ್ಸುಗಳಿಗೇ ಕಲಿಸಿ, ಆ ಅಧಿಕಾರವನ್ನೂ ಅವರಿಗೇ ಕೊಟ್ಟರು. ಹೃದಯ ಹಾಗೆ ಅದುರುತ್ತಿರುವಾಗ ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದಂತೆ. ಅಂದರೆ ಪಕ್ಕದಲ್ಲಿ ನಿಂತವರೇ ಮಾಡಬೇಕು, ಬೇರೆ ದಾರಿಯೇ ಇಲ್ಲ. ಅರವತ್ತು ವರ್ಷದ ಹಿಂದೆ ಅಲ್ಲಿನವರಿಗೆ ಹೊಳೆದದ್ದು ನಮ್ಮ ಕಚೇರಿಗಳಿಗೆ ಇನ್ನೂ ಹೊಳೆದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಬರೀ ಕೈಚಳಕವಾಗಿದ್ದರೆ ನಾನು ಒಂದು ನಮಸ್ಕಾರ ಹೇಳಿ ಸುಮ್ಮನಾಗುತ್ತಿದ್ದೆ. ಅವರ ಮನಸ್ಸು ಇನ್ನೂ ದೊಡ್ಡದು.

ಸಿಸಿಯುಗೆ ಸೇರಿಸುವಾಗ ಒಡವೆಯೆಲ್ಲ ಬಿಚ್ಚಿ ಕೊಡಬೇಕು. ಹೆಂಡತಿ ಬಳೆ, ಓಲೆ ಕೊಟ್ಟಳು. ಮಾಂಗಲ್ಯದ ಸರಕ್ಕೆ ಕೈ ಹಾಕಿದ ತಕ್ಷಣ ಹಿಡಿದುಕೊಂಡು ಅಳಲು ಶುರು ಮಾಡಿದಳು. ಆ ಹೊತ್ತಿನಲ್ಲಿ ಅದನ್ನು ಬಿಚ್ಚಿದರೆ ಏನಾಗುತ್ತದೋ ಅಂತ ಅವಳಿಗೆ. ನನಗೆ ಆಗಲಿ ಅಂತಲೂ, ಬೇಡ ಅಂತಲೂ ಹೇಳಲು ಬಾಯಿ ಬರಲಿಲ್ಲ. ‘ಅದೆಲ್ಲ ಮೂಢನಂಬಿಕೆ, ತೆಗೀರಿ’ ಅಂತ ಗದರಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಈ ಸಿಸ್ಟರ್, ‘ಬಿಚ್ಚೋದು ಬೇಡ ಬಿಡಮ್ಮ, ಜಾಗ ಬದಲಾಯ್ಸಣ’ ಅಂದರು. ತಲೆಯ ಮೇಲಿಂದ ಸರ ತೆಗೆದು, ಗಾಯಕ್ಕೆ ಕಟ್ಟುವ ಒಂದು ತುಂಡು ಬಟ್ಟೆಯಲ್ಲಿ ಸುತ್ತಿ, ಡ್ರಿಪ್ ಇಲ್ಲದ ಕಡೆಯ ಮುಂಗೈಗೆ ಬ್ಯಾಂಡೇಜಿನಲ್ಲಿ ಕಟ್ಟಿದರು. ಎದೆಯ ಮೇಲೆ ಲೋಹ ಇರಬಾರದು, ಅಷ್ಟೇ ತಾನೇ. ರಾತ್ರಿ ಶಾಕ್ ಕೊಡುವಾಗ ಎದೆ ಖಾಲಿ ಇತ್ತು, ಕೆಲಸ ಸಲೀಸಾಯಿತು. ಅವಳ ಸಮಾಧಾನ ಅವಳ ಮುಂಗೈಯಲ್ಲೇ ಇತ್ತು.

ಇಸಿಜಿ ತೆಗೆಯುವುದೂ ಹಾಗೆಯೇ. ಮೊದಲು ಗಂಡಸರನ್ನೆಲ್ಲ ಆಚೆ ಕಳಿಸಿ ಪರದೆ ಎಳೆಯುವುದು. ಬೆಡ್‌ಶೀಟನ್ನು ಎಷ್ಟು ಬೇಕೋ ಅಷ್ಟೇ ಸರಿಸುವುದು. ಕಲಿಯಲು ಬಂದ ಹುಡುಗಿಯರಿಗೆ ಅವರು ಹೇಳಿದ ಮಾತನ್ನು ಹೆಂಡತಿ ಈಗಲೂ ಹೇಳುತ್ತಿರುತ್ತಾಳೆ: ‘ಅವ್ರಿಗೆ ನಾಚ್ಕೆ, ನಿಮ್ಗೂ ನಾಚ್ಕೆ ಅಂತ ಮೇಲ್ಮೇಲೆ ಅಂಟಿಸ್ಬಿಟ್ರೆ ಇಸಿಜಿ ಸುಳ್ಳು ಹೇಳುತ್ತೆ. ಬಟ್ಟೆ ಹೊದಿಸಿ ಮರ್ಯಾದೆ ಕಾಪಾಡಿ, ಬಟನ್ನು ಮಾತ್ರ ಅದರ ಜಾಗದಲ್ಲೇ ಇರ್ಲಿ.’

ನಗುವ ಸಂಗತಿಯೂ ಇತ್ತು. ಒಂದು ಬೆಳಿಗ್ಗೆ ಪಕ್ಕದ ಬೆಡ್ಡಿನ ಅಜ್ಜನ ಮಾನಿಟರ್ ಕಿರುಚಿಕೊಂಡಿತು. ಗೆರೆ ನೋಡಿದರೆ ಭಯಂಕರ. ಹೊಸ ಹುಡುಗಿ ಶಾಕ್ ಗಾಡಿ ತಳ್ಳಿಕೊಂಡು ಓಡಿದಳು. ಸಿಸ್ಟರ್ ಕೂತಲ್ಲಿಂದಲೇ ಕತ್ತು ಚಾಚಿ ನೋಡಿ, ‘ಅಜ್ಜ, ಹಲ್ಲು ಸ್ವಲ್ಪ ನಿಧಾನಕ್ಕೆ ಉಜ್ಜಿ’ ಅಂದರು. ಅಜ್ಜ ಬ್ರಷ್ ಬಾಯಲ್ಲಿಟ್ಟುಕೊಂಡು ಕಣ್ಣು ಬಿಡುತ್ತಿದ್ದರು. ಕೈ ಅಲ್ಲಾಡಿದ್ದಕ್ಕೆ ತಂತಿ ಅಲ್ಲಾಡಿ ಯಂತ್ರ ಮೋಸ ಹೋಗಿತ್ತು. ಗೆರೆ ನೋಡುವ ಮೊದಲು ಮನುಷ್ಯನನ್ನು ನೋಡು ಅನ್ನುವುದು ಅವರ ಪದ್ಧತಿ.

ಆ ವಾರ್ಡಿನಲ್ಲಿ ನಾವಿರುವಾಗಲೇ ಒಬ್ಬರು ತೀರಿಕೊಂಡರು. ಎಲ್ಲರನ್ನೂ ಉಳಿಸಲು ಆಗುವುದಿಲ್ಲ, ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಬಾಗಿಲಲ್ಲಿ ಅವರ ಮಗ ನಿಂತಿದ್ದ, ಇಪ್ಪತ್ತೈದರ ಹುಡುಗ, ಒಬ್ಬನೇ. ಸಿಸ್ಟರ್ ಬಾಗಿಲಲ್ಲಿ ನಿಂತು ಹೇಳಲಿಲ್ಲ. ನಾನು ಕೂತಿದ್ದ ಬೆಂಚಿಗೆ ಅವನನ್ನು ಕರೆತಂದು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಡಾಕ್ಟರ್ ಬಂದು ಹೇಳಿದ್ದನ್ನು ಇವರು ಮತ್ತೆ ಕನ್ನಡದಲ್ಲಿ, ಸುತ್ತಿ ಬಳಸದೆ ಹೇಳಿದರು. ‘ನಿಮ್ಮ ಅಪ್ಪ ತೀರ್ಕೊಂಡ್ರು ಮಗಾ. ನೋವು ಜಾಸ್ತಿ ಆಗ್ಲಿಲ್ಲ, ನಾನು ಪಕ್ಕದಲ್ಲೇ ಇದ್ದೆ.’ ಆಮೇಲೆ ಏನೂ ಮಾತಾಡಲಿಲ್ಲ. ಹುಡುಗ ಎದ್ದು ಹೊರಟಾಗ ‘ಹೆಂಗೆ ಬಂದೆ?’ ಅಂತ ಕೇಳಿದರು. ಬೈಕು ಅಂದ. ಕೀ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಊರಿಂದ ಚಿಕ್ಕಪ್ಪನೋ ಯಾರೋ ಬರುವವರೆಗೆ ಕೊಡಲೇ ಇಲ್ಲ. ಅಷ್ಟರಲ್ಲಿ ಒಳಗೆ ಹೋಗಿ ಅವರಪ್ಪನ ಮುಖ ಒರೆಸಿ, ತಲೆ ಬಾಚಿ, ಬಾಯಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿ, ತಂತಿಗಳನ್ನೆಲ್ಲ ತೆಗೆದು, ಆಮೇಲೆ ಮಗನನ್ನು ಒಳಗೆ ಬಿಟ್ಟರು. ಇದು ಯಾವ ರಿಜಿಸ್ಟರಿನಲ್ಲೂ ಬರೆಯದ ಕೆಲಸ. ಹಾಜರಿ ಪುಸ್ತಕ ಬರೆದ ನನಗೆ ಗೊತ್ತು, ಪುಸ್ತಕಕ್ಕೆ ಬರದ ಕೆಲಸಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ.

ಅವತ್ತು ಪಾಳಿ ಮುಗಿದಮೇಲೆ ಅವರು ಕೆಳಗೆ ಕ್ಯಾಂಟೀನಿನಲ್ಲಿ ಒಬ್ಬರೇ ಕೂತು ಟೀ ಕುಡಿಯುತ್ತಿದ್ದರು. ಮಾತಾಡಿಸೋಣ ಅನ್ನಿಸಿತು. ಬೇಡ ಅಂತ ಬಿಟ್ಟೆ.

ಮೈಸೂರಿಗೆ ಕಳಿಸಿ ಅಲ್ಲಿ ಆಂಜಿಯೋಗ್ರಾಂ, ಒಂದು ಸ್ಟೆಂಟು ಆಯಿತು. ಅದೆಲ್ಲ ಸುಸೂತ್ರ. ಮೈಸೂರಿಗೆ ಹೊರಡುವ ಮುಂಚೆಯೇ ಸಿಸ್ಟರ್ ನನ್ನನ್ನು ಕೂರಿಸಿಕೊಂಡು ಮುಂದಿನದನ್ನೆಲ್ಲ ಹೇಳಿದ್ದರು. ಸ್ಟೆಂಟ್ ಹಾಕಿದಮೇಲೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಡಾಕ್ಟರ್ ಹೇಳದೆ ಒಂದು ದಿನವೂ ಬಿಡಬಾರದು, ಹಲ್ಲು ಕೀಳಿಸಲು ಹೋದರೂ ಮೊದಲು ಕೇಳಬೇಕು. ಹೆಂಡತಿಗೆ ಓದಲು ಬರುವುದಿಲ್ಲ ಅಂತ ತಿಳಿದು ಮಾತ್ರೆ ಪಟ್ಟಿಯ ಹಿಂದೆ ಸೂರ್ಯ, ಚಂದ್ರ ಬರೆದು ಕೊಟ್ಟರು. ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಉಪ್ಪಿನಕಾಯಿ ಭರಣಿ ಎಷ್ಟಿದೆ ಅಂತ ಕೇಳಿದರು. ಮಲೆನಾಡಿನವರ ಹತ್ತಿರ ಕೇಳಬಾರದ ಪ್ರಶ್ನೆ ಅದು! ಕೊನೆಗೆ ನನ್ನ ಕಡೆ ತಿರುಗಿ, ‘ಮನೇಲಿ ನೀರು ಹೊರೋರು ಯಾರು, ಸೌದೆ ತರೋರು ಯಾರು?’ ಅಂದರು. ಅವಳೇ ಅಂದೆ. ‘ಇನ್ಮೇಲೆ?’ ಅಂದರು. ನಾನು ಅಂದೆ. ಅದನ್ನೂ ಕೇಸ್ ಶೀಟಿನಲ್ಲಿ ಬರೆದುಕೊಂಡ ಹಾಗೆ ನಟಿಸಿದರು.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ಚೆಕಪ್ಪಿಗೆ ಹಾಸನಕ್ಕೆ ಹೋದಾಗ, ಮನೆಯ ಕಿತ್ತಳೆ ಒಂದು ಚೀಲ ಹಿಡಿದುಕೊಂಡು ಸಿಸಿಯು ಬಾಗಿಲಿಗೆ ಹೋದೆವು. ಸಿಸ್ಟರ್ ಅಲ್ಲಿ ಇರಲಿಲ್ಲ. ಕಣ್ಣಿನ ವಾರ್ಡಿಗೆ ಹಾಕಿದ್ದಾರೆ ಅಂದರು. ತಪ್ಪೇನಾದರೂ ಆಯಿತಾ ಅಂದೆ. ಇಲ್ಲ, ಎಲ್ಲರನ್ನೂ ಸುತ್ತಿಸಬೇಕು ಅಂತ ರೂಲ್ಸು, ಅವರ ಸರದಿ ಬಂತು, ಅಷ್ಟೇ. ಕಚೇರಿಯಲ್ಲಿ ಒಬ್ಬರು ‘ಯಾವ ವಾರ್ಡಾದ್ರೇನು, ನರ್ಸ್ ನರ್ಸೇ ಅಲ್ವಾ’ ಅಂದರು. ಅವರ ಜಾಗಕ್ಕೆ ಕಾಂಟ್ರ್ಯಾಕ್ಟಿನ ಮೇಲೆ ಬಂದ ಒಬ್ಬರು. ಅವರದ್ದೂ ತಪ್ಪಿಲ್ಲ. ವರ್ಷ ವರ್ಷ ಮುಂದುವರಿಸುತ್ತಾರೋ ಇಲ್ಲವೋ ಅನ್ನುವ ಭಯದಲ್ಲಿ, ಕಮ್ಮಿ ಸಂಬಳಕ್ಕೆ ರಾತ್ರಿ ಪಾಳಿ ಮಾಡುವ ಮಕ್ಕಳು. ಅವರಿಗೆ ಕಲಿಸಲು ಪಕ್ಕದಲ್ಲಿ ಒಬ್ಬರು ಬೇಡವೇ?

ನಮ್ಮ ತೋಟದಲ್ಲಿ ಮರಗಸಿ ಮಾಡುವವರಿರುತ್ತಾರೆ. ನೆರಳಿನ ಮರ ಹತ್ತಿ ಯಾವ ಕೊಂಬೆ ಕಡಿಯಬೇಕು, ಯಾವುದು ಬಿಡಬೇಕು ಅಂತ ಅವರಿಗೆ ಮಾತ್ರ ಗೊತ್ತು. ಅವರನ್ನು ಕಳೆ ತೆಗೆಯಲು ಕಳಿಸಿ, ಕಳೆ ತೆಗೆಯುವವರನ್ನು ಮರ ಹತ್ತಿಸಿದರೆ ಆ ರೈಟರನ್ನು ಸಾಹುಕಾರರು ಅವತ್ತೇ ಮನೆಗೆ ಕಳಿಸುತ್ತಾರೆ. ತೋಟಕ್ಕೆ ಇರುವಷ್ಟು ಕಾಳಜಿ ಹೃದಯದ ವಾರ್ಡಿಗೆ ಬೇಡವೇ? ಕಣ್ಣಿನ ವಾರ್ಡಿನ ಕೆಲಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಅಲ್ಲಿಯೂ ಅದನ್ನೇ ಮಾಡಿ ಮಾಡಿ ಕೈ ಪಳಗಿದವರು ಇರುತ್ತಾರೆ, ಅವರನ್ನೂ ಅಲ್ಲೇ ಬಿಡಿ ಅನ್ನುತ್ತಿದ್ದೇನೆ.

ಸುತ್ತಿಸುವುದಕ್ಕೆ ಕಾರಣವೂ ಇರಬಹುದು. ಸಿಸಿಯು ಡ್ಯೂಟಿ ಮೈ ಮುರಿಯುವ ಕೆಲಸ. ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ಮಾನದಂಡವಂತೆ. ನಾನು ಕಂಡಿದ್ದು ರಾತ್ರಿ ಪಾಳಿಯಲ್ಲಿ ಹತ್ತು ಬೆಡ್ಡಿಗೆ ಇಬ್ಬರು. ಹಾಗಿರುವಾಗ ಎಲ್ಲರಿಗೂ ಸಮ ಪಾಲು ಹಂಚಬೇಕು ಅಂತ ಮೇಲಿನವರಿಗೆ ಅನ್ನಿಸಬಹುದು. ಅದಕ್ಕೆ ಮದ್ದು ಇನ್ನಷ್ಟು ಜನರನ್ನು ತೆಗೆದುಕೊಳ್ಳುವುದು, ಕಾಂಟ್ರ್ಯಾಕ್ಟಿನವರನ್ನು ಕಾಯಂ ಮಾಡುವುದು. ಇರುವ ಒಬ್ಬ ಬಲ್ಲವರನ್ನು ಎತ್ತಿ ಆಚೆ ಇಡುವುದಲ್ಲ. ಆ ಸಿಸ್ಟರಿಗೆ ವಿಶ್ರಾಂತಿ ಬೇಕಾದರೆ ರಾತ್ರಿ ಪಾಳಿ ಕಮ್ಮಿ ಮಾಡಲಿ. ಹಗಲು ಅವರಿಂದ ಕಲಿಸುವ ಕೆಲಸ ಮಾಡಿಸಲಿ.

ಅದನ್ನೇ ಜಿಲ್ಲಾ ಆರೋಗ್ಯ ಇಲಾಖೆಯವರಿಗೆ ಕೇಳುತ್ತಿದ್ದೇನೆ. ಹೃದಯ ಜ್ಯೋತಿಯಿಂದ ಈಗ ಇಂಜೆಕ್ಷನ್ ತಾಲ್ಲೂಕಿನಲ್ಲೇ ಸಿಗುತ್ತಿದೆ, ಬಹಳ ಒಳ್ಳೆಯದು. ಇಂಜೆಕ್ಷನ್ ಕೊಟ್ಟಮೇಲಿನ ಮೊದಲ ಒಂದೆರಡು ಗಂಟೆ ರೋಗಿಯನ್ನು ನೋಡಿಕೊಳ್ಳುವವರು ಬೇಲೂರು, ಆಲೂರು, ಅರಕಲಗೂಡು, ಸಕಲೇಶಪುರದ ನರ್ಸುಗಳು. ಸೊಂಟದ ಇಂಜೆಕ್ಷನ್ ಕೇಳಬೇಕು, ಊತಕ್ಕೆ ಗೆರೆ ಎಳೆಯಬೇಕು, ಬಿಪಿ ಬಿದ್ದಿದ್ದರೆ ಆ ಮಾತ್ರೆ ಕೊಡುವ ಮುಂಚೆ ಬಲಗಡೆ ಇಸಿಜಿ ತೆಗೆಯಬೇಕು. ಇದನ್ನೆಲ್ಲ ಅವರಿಗೆ ಹೇಳಿಕೊಡಲು ಬೆಂಗಳೂರಿನಿಂದ ಯಾರೂ ಬರಬೇಕಾಗಿಲ್ಲ. ಕಣ್ಣಿನ ವಾರ್ಡಿನಲ್ಲಿ ಡ್ರಾಪ್ಸ್ ಹಾಕುತ್ತಾ ಒಬ್ಬರು ಕೂತಿದ್ದಾರೆ. ತಿಂಗಳಿಗೊಂದು ತಾಲ್ಲೂಕಿಗೆ ಅವರನ್ನು ಕಳಿಸಿ. ಒಂದು ಜೀಪು, ಒಂದು ದಿನದ ಭತ್ಯೆ. ಕ್ಯಾತ್‌ಲ್ಯಾಬಿನ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಶಾಸಕರು, ಸಂಘ ಸಂಸ್ಥೆಯವರು, ಹೃದಯದ ವಿಷಯಕ್ಕೆ ಮನವಿ ಕೊಡುವವರು ಎಲ್ಲರಿಗೂ ಒಂದು ಕೋರಿಕೆ. ಮುಂದಿನ ಮನವಿಯಲ್ಲಿ ಯಂತ್ರಗಳ ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಿ: ಹೃದಯದ ವಾರ್ಡಿನಲ್ಲಿ ಅನುಭವ ಇರುವ ನರ್ಸುಗಳನ್ನು ಅವರು ಒಪ್ಪದೆ ಬೇರೆ ವಾರ್ಡಿಗೆ ಹಾಕಬಾರದು.

ತಾಲ್ಲೂಕು ಆಸ್ಪತ್ರೆಯಲ್ಲಿ ಜಾಗ ಇಲ್ಲ ಅನ್ನುವ ನೆಪ ಬೇಡ. ನಮ್ಮ ಊರಿನ ಸಮುದಾಯ ಭವನ ಮಳೆಗಾಲದಲ್ಲಿ ಖಾಲಿಯೇ ಇರುತ್ತದೆ. ಕುರ್ಚಿ ಹಾಕಿಸುವುದು, ಮಧ್ಯಾಹ್ನದ ಊಟ, ಎರಡು ಹೊತ್ತಿನ ಕಾಫಿ ನನ್ನ ಜವಾಬ್ದಾರಿ. ಸುತ್ತಲಿನ ತೋಟಗಳ ಲೈನ್ ಮನೆಗಳಿಂದ ಒಬ್ಬೊಬ್ಬರನ್ನು ನಾನೇ ಕರೆತರುತ್ತೇನೆ, ಎದೆ ಒತ್ತುವುದನ್ನು ಅವರೂ ಕಲಿಯಲಿ. ಇಲಾಖೆಯವರು ದಿನಾಂಕ ಹೇಳಿದರೆ ಸಾಕು.

ಇಂತಿ,
ನಿವೃತ್ತ ಎಸ್ಟೇಟ್ ರೈಟರ್,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ